ಗಂಟೆಗೊಂದು ಲೋಟ

ಏಸಿ ಇರುವ ಕಲ್ಯಾಣ ಮಂಟಪದಲ್ಲಿ ಒಬ್ಬ ಮನುಷ್ಯ ಒಂದು ಗಂಟೆ ಸುಮ್ಮನೆ ಕೂತರೆ ಅವನ ದೆಸೆಯಿಂದ ಎಷ್ಟು ನೀರು ಆಕಾಶಕ್ಕೆ ಹೋಗುತ್ತದೆ ಎಂಬುದು ಜಗತ್ತಿನ ಗಂಭೀರ ಪ್ರಶ್ನೆಗಳಲ್ಲೊಂದು. ದಾರ್ಶನಿಕರು ಇದನ್ನು ಮುಟ್ಟದೆ ಬಿಟ್ಟದ್ದರಿಂದ ಕೊನೆಗೆ ಸುಂಕದಕಟ್ಟೆಯ ಗಂಗಬೈಲಪ್ಪನೇ ಕೈಗೆತ್ತಿಕೊಳ್ಳಬೇಕಾಯಿತು. ಉತ್ತರ: ಒಂದು ಲೋಟ. ಸ್ಟೀಲಿನ ಲೋಟ, ಕಂಠಮಟ್ಟ. ಬಾಗಿಲಲ್ಲಿ ಪನ್ನೀರು ಚಿಮುಕಿಸಿ ಕಲ್ಲುಸಕ್ಕರೆ ಕೊಟ್ಟು ಒಳಗೆ ಕೂರಿಸಿದವರ ಮೈಯ ಬಿಸಿ ಗಾಳಿಗೆ ಹೋಗುತ್ತದೆ, ಗಾಳಿಯದು ಕೊಳವೆಯ ನೀರಿಗೆ. ಆ ನೀರು ತಾರಸಿಯ ಮೇಲಿನ ಕೂಲಿಂಗ್ ಟವರಿಗೆ ಏರಿ, ಜೇನುಗೂಡಿನಂಥ ಪ್ಲಾಸ್ಟಿಕ್ ಹಾಳೆಗಳ ಮೇಲೆ ಮಳೆಯಂತೆ ಸುರಿದು, ನೆತ್ತಿಯ ಫ್ಯಾನು ಎಳೆದ ಗಾಳಿಗೆ ಸಿಕ್ಕು, ಒಂದು ಪಾಲು ಆವಿಯಾಗಿ ಹೋಗುತ್ತ ಉಳಿದ ಪಾಲನ್ನು ತಣ್ಣಗೆ ಮಾಡುತ್ತದೆ. ಮಡಕೆಯ ನೀರು ತಣ್ಣಗಾಗುವ ಹಾಗೆಯೇ. ಮಡಕೆ ಮಾತ್ರ ಲಾರಿಯಷ್ಟು ದೊಡ್ಡದು. ಆ ಒಂದು ಲೋಟವನ್ನು ಹಿಡಿಯಲು ಅವನಿಗೆ ಎಷ್ಟೋ ಮದುವೆ ಸೀಸನ್ನುಗಳು ಬೇಕಾದವು. ಮೊದಲು ಖಾಲಿ ಹಾಲಿನ ಲೆಕ್ಕ ತೆಗೆದ: ದೀಪ, ಬಿಸಿಲು ಕುಡಿದ ಚಾವಣಿ, ವೇದಿಕೆಯ ಸ್ಪಾಟ್‌ಲೈಟು, ಆರ್ಕೆಸ್ಟ್ರಾದ ಪೆಟ್ಟಿಗೆಗಳು. ಮೇಲೆ ಹೋಗುವ ನೀರಿಗೂ ಕೆಳಗೆ ಬರುವ ನೀರಿಗೂ ಇರುವ ಬಿಸಿಯ ಅಂತರವನ್ನು ಹರಿವಿನಿಂದ ಗುಣಿಸಿ, ಯಂತ್ರ ತಾನೇ ಕಾಯುವ ಬಿಸಿಯನ್ನು ಕಳೆದು, ಖಾಲಿ ಹಾಲನ್ನು ಕಳೆದು, ಮಿಕ್ಕದ್ದನ್ನು ಮನುಷ್ಯರಿಗೆ ಹಂಚಿದ. ಮಕ್ಕಳು ಅರ್ಧ. ಕೂತಲ್ಲೇ ತೂಕಡಿಸುವ ಅಜ್ಜಿಯರು ಮುಕ್ಕಾಲು. ಡಿಜೆ ಹಾಕಿ ಕುಣಿದರೆ ಒಬ್ಬನನ್ನು ಮೂವರೆಂದು ಹಿಡಿಯಬೇಕು. ಗಂಡಿನ ಸ್ನೇಹಿತರಾದರೆ ನಾಲ್ವರೆಂದು. ಪಕ್ಕದ ಊಟದ ಹಾಲಿಗೆ ಏಸಿ ಇಲ್ಲ, ಅಲ್ಲಿರುವವರು ಟವರಿಗೆ ಕಾಣುವುದಿಲ್ಲ. ಅವರಿಗೆಂದು ಮೂರನೇ ಒಂದು ಭಾಗ ಸೇರಿಸಬೇಕು. ಇಷ್ಟಾದ ಮೇಲೆ ಬರುವ ಸಂಖ್ಯೆಯೇ ಸತ್ಯ. ಎಲೆ ಎಣಿಸಿದರೆ ಅಡುಗೆ ಕಂಟ್ರಾಕ್ಟರು ಸುಳ್ಳು ಹೇಳುತ್ತಾನೆ, ಚಪ್ಪಲಿ ಎಣಿಸಿದರೆ ಕಳ್ಳರು ಲೆಕ್ಕ ತಪ್ಪಿಸುತ್ತಾರೆ, ಹೆಣ್ಣಿನ ತಂದೆಯನ್ನು ಕೇಳಿದರಂತೂ ಎರಡು ಸಾವಿರಕ್ಕಿಂತ ಕೆಳಗಿಳಿಯುವುದಿಲ್ಲ. ಬಿಸಿ ಮಾತ್ರ ಸುಳ್ಳು ಹೇಳುವುದಿಲ್ಲ ಎಂದು ಗಂಗಬೈಲಪ್ಪ ನಂಬಿದ್ದ. ನಂಬಿಕೊಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ; ಹೇಳಿಕೊಂಡು ತಿರುಗಿದ್ದ.

ಆದರೆ ಈ ಸಂಜೆ ಅವನು ತಾರಸಿಯ ಮೇಲಿರಲಿಲ್ಲ, ವೇದಿಕೆಯ ಮೇಲಿದ್ದ. ಮಾಗಡಿ ರಸ್ತೆಯ ಲಕ್ಷ್ಮಿದೇವಮ್ಮ ಕನ್ವೆನ್ಷನ್ ಹಾಲಿನಲ್ಲಿ ಹೆಚ್ಚುಕಮ್ಮಿ ಇಡೀ ಉದ್ಯೋಗಜೀವನವನ್ನು ಏಸಿಯ ನೀರು ತಣ್ಣಗಾಗಿಸುವ ಚಿಲ್ಲರ್, ಪಂಪು, ಜನರೇಟರುಗಳ ಜೊತೆ ಕಳೆದವನು ರೇಷ್ಮೆ ಪಂಚೆ ಉಟ್ಟು, ಮೈಸೂರು ಪೇಟ ಇಟ್ಟುಕೊಂಡು, ಮಗಳು ಕೀರ್ತನಾಳ ಆರತಕ್ಷತೆಯಲ್ಲಿ ಅವಳ ಎಡಗಡೆ ನಿಂತಿದ್ದ. ಪೇಟ ಸಡಿಲವಾಗಿತ್ತು, ನಮಸ್ಕಾರ ಮಾಡಿದಾಗಲೆಲ್ಲ ಹುಬ್ಬಿನವರೆಗೂ ಇಳಿಯುತ್ತಿತ್ತು. ಆದರೂ ಅಷ್ಟೇನೂ ತೊಂದರೆಯಿರಲಿಲ್ಲ, ಏಕೆಂದರೆ ನಮಸ್ಕಾರ ಮಾಡಬೇಕಾದ ಸಂದರ್ಭಗಳು ಕಡಿಮೆಯಿದ್ದವು. ಎದುರಿಗೆ ಕೆಂಪು ಬಟ್ಟೆಯ ಗಂಟು ಕಟ್ಟಿದ ಕುರ್ಚಿಗಳು ಸಾಲುಸಾಲಾಗಿ, ಶಾಲೆಯ ಮಕ್ಕಳ ಹಾಗೆ ವಿಧೇಯವಾಗಿ, ಅವನನ್ನೇ ನೋಡುತ್ತಿದ್ದವು. ಮುಂದಿನ ಕೆಲವು ಸಾಲುಗಳಲ್ಲಿ ಗಂಡಿನ ಕಡೆಯವರು, ನಡುವೆ ಅಲ್ಲಲ್ಲಿ ನೆಂಟರು, ಹಿಂದೆ ಯಾರೂ ಇಲ್ಲ. ಆರ್ಕೆಸ್ಟ್ರಾದವನು ಒಂದು ಹಾಡು ಮುಗಿಸಿ, ಚಪ್ಪಾಳೆಗೆ ಕಾದು, ಬರದಿದ್ದಾಗ ತಾನೇ ಮೈಕಿನಲ್ಲಿ ಥ್ಯಾಂಕ್ಯೂ ಅಂದುಕೊಂಡ. ಆ ನಡುವಿನ ನಿಶ್ಶಬ್ದದಲ್ಲಿ ಗಂಗಬೈಲಪ್ಪನಿಗೆ ಬೆನ್ನ ಹಿಂದಿನ ಗೋಡೆಯೊಳಗಿಂದ ಅದು ಕೇಳಿಸಿತು. ಕೃತಕ ಕಮಲಗಳ ಪರದೆಯ ಹಿಂದೆ ಕೊಳವೆಗಳು ಇಳಿಯುವ ಸಂದಿಯಿತ್ತು. ಅದರ ಮೂಲಕ ತಾರಸಿಯ ಮೇಲಿನ ಸದ್ದು ಕೆಳಗೆ ಬರುತ್ತಿತ್ತು. ಬಿಸಿ ಹೆಚ್ಚಾದರೆ ಟವರಿನ ಫ್ಯಾನು ತಾನಾಗಿ ಜೋರಾಗುತ್ತದೆ, ಕಡಿಮೆಯಾದರೆ ಮೆಲ್ಲಗಾಗುತ್ತದೆ. ಹಾಗೆ ಮಾಡಿಟ್ಟವನೇ ಅವನು. ತುಂಬಿದ ಮದುವೆಯಲ್ಲಿ ಅದು ಬಸ್ಸು ಗೇರು ಬದಲಿಸದೆ ಏರು ಹತ್ತಿದ ಹಾಗೆ ಮೊರೆಯುತ್ತದೆ. ಈಗ ಕೇಳಿದ್ದು ಯಾರೋ ನಿದ್ದೆಯಲ್ಲಿ ಉಸಿರಾಡುವ ಸದ್ದು. ಅವನು ಕೇಳಿಸಿಕೊಳ್ಳಬಾರದೆಂದುಕೊಂಡ, ಕಿವಿಗೆ ಹಾಗೆ ಮುಚ್ಚಳವಿಲ್ಲವಾದ್ದರಿಂದ ಕೇಳಿಸಿಕೊಂಡ, ಕೇಳಿಸಿಕೊಂಡ ಮೇಲೆ ತಲೆ ತನ್ನಷ್ಟಕ್ಕೆ ಕಳೆಯತೊಡಗಿತು: ದೀಪ ಕಳೆ, ಚಾವಣಿ ಕಳೆ, ಸ್ಪಾಟ್‌ಲೈಟು ಕಳೆ. ಕ್ಯಾಮೆರಾದವನು "ಸಾರ್, ಸ್ವಲ್ಪ ನಗಿ ಸಾರ್" ಅಂದ. ನಕ್ಕ. ಮುನ್ನೂರೋ, ಮುನ್ನೂರ ಇಪ್ಪತ್ತೋ.

"ಚಿಕ್ಕಣ್ಣ ಬಂದ್ನಾ?" ಹೆಂಡತಿ ವೆಂಕಟಲಕ್ಷ್ಮಮ್ಮ ತುಟಿ ಅಲುಗಿಸದೆ ಕೇಳಿದಳು. ಫೋಟೋಕ್ಕೆ ನಗುತ್ತಲೇ ಜಗಳವಾಡುವುದು ಆ ಒಂದು ಸಂಜೆಯಲ್ಲಿ ಅವಳು ಕಲಿತ ವಿದ್ಯೆ.

"ಜಾಮ್ ಇರ್ಬೇಕು. ಸುಮನಹಳ್ಳಿ ಹತ್ರ."

"ಹೆಗ್ಗನಹಳ್ಳಿಯಿಂದ ಬರೋಕೆ ಸುಮನಹಳ್ಳಿ ಯಾಕೆ? ನಡ್ಕೊಂಡ್ ಬರೋ ದಾರಿ. ನನ್ ತಮ್ಮ ನಿಮ್ಮಿಂದಾಗೇ ಬಂದಿಲ್ಲ."

"ಜನ ಬರೋ ಟೈಮು ಈಗ ಶುರು ಕಣೇ. ಎರಡು ಸಾವಿರ ಜನ ಒಟ್ಟಿಗೆ ನುಗ್ತಾರಾ?"

"ನಂಗೆ ನಿಮ್ ಎರಡು ಸಾವಿರ ಬೇಡ. ಅವನೊಬ್ಬ ಬಂದ್ರೆ ಸಾಕು. ಬೆಳಿಗ್ಗೆ ಹುಡುಗೀನ ಮಂಟಪಕ್ಕೆ ಸೋದರಮಾವ ಕರ್ಕೊಂಡ್ ಬರ್ಬೇಕು. ಯಾರ್ ಕರ್ಕೊಂಡ್ ಬರ್ತಾರೆ? ನಿಮ್ ಟವರಾ?"

ಟವರನ್ನು ಎಳೆದು ತರುವ ಅಗತ್ಯವಿರಲಿಲ್ಲ ಎಂದು ಗಂಗಬೈಲಪ್ಪನಿಗೆ ಅನಿಸಿತು. ಆದರೆ ಅದನ್ನು ಎಲ್ಲ ಕಡೆಗೂ ಎಳೆದವನು ತಾನೇ. ಚಿಕ್ಕಣ್ಣನ ಮಗಳು ಚೈತ್ರಳ ಮದುವೆಯೂ ಇದೇ ಹಾಲಿನಲ್ಲಿ ಆಗಿತ್ತು. ಅದರ ಬೀಗರ ಊಟಕ್ಕೆ ಹೆಗ್ಗನಹಳ್ಳಿಯ ಖಾಲಿ ಸೈಟಿನಲ್ಲಿ ಶಾಮಿಯಾನ ಹಾಕಿದ್ದರು, ಚಿಕ್ಕಣ್ಣ ತಾನೇ ಬಕೆಟ್ಟು ಹಿಡಿದು ಮಟನ್ ಸಾರು ಬಡಿಸುತ್ತ ಬಂದಿದ್ದ, ಹೊಸ ಬೀಗರು ಎದುರು ಸಾಲಿನಲ್ಲಿದ್ದರು. "ಹಾಕ್ಸ್ಕೊಳ್ಳಿ ಭಾವ, ಎರಡು ಸಾವಿರ ಜನಕ್ಕೆ ಬಡಿಸಿದ ಕೈ ಇದು." ಮುದ್ದೆ ಮುರಿಯುತ್ತಿದ್ದ ಗಂಗಬೈಲಪ್ಪ ತಲೆಯೆತ್ತದೆ ಹೇಳಿದ್ದ: "ಎರಡು ಸಾವಿರ ಎಲ್ಲಿ ಬಂತಪ್ಪ? ಏಳುನೂರ ನಲವತ್ತು." "ಯಾರ್ ಹೇಳಿದ್ದು?" "ಟವರ್ ಹೇಳ್ತು." ಮೊದಲು ಯಾರಿಗೂ ಅರ್ಥವಾಗಲಿಲ್ಲ, ಆಮೇಲೆ ಅವನು ಗಂಟೆಗೊಂದು ಲೋಟದ ಸಿದ್ಧಾಂತವನ್ನು ಎಲುಬಿನ ತುದಿಯಲ್ಲಿ ಎಲೆಯ ಮೇಲೆ ಬರೆದು ವಿವರಿಸಿದ, ಆಮೇಲೆ ಬೀಗರು ನಕ್ಕರು, ಬೀಗರು ನಕ್ಕ ಮೇಲೆ ಎಲ್ಲರೂ ನಕ್ಕರು. ಚಿಕ್ಕಣ್ಣನೂ ನಕ್ಕ. ನಗುತ್ತಲೇ ಬಕೆಟ್ಟನ್ನು ಕೆಳಗಿಟ್ಟು ಕೈ ತೊಳೆಯಲು ಹೋದವನು ಊಟ ಮುಗಿಯುವ ತನಕ ಬರಲಿಲ್ಲ. ಹೆಗ್ಗನಹಳ್ಳಿಯಲ್ಲಿ ನಾಲ್ಕು ಬಿಲ್ಡಿಂಗುಗಳನ್ನು ಬಾಡಿಗೆಗೆ ಬಿಟ್ಟವನು, ಗಣೇಶನ ಪೆಂಡಾಲಿಗೆ ಮೊದಲ ಹೆಸರು, ಜಗಳವಾದರೆ ಕೊನೆಯ ಮಾತು. ಅಂಥವನಿಗೆ ಆ ವಾರದಲ್ಲೇ ಹೊಸ ಹೆಸರು ಬಂತು. "ಏನ್ ಏಳ್ನೂರ್ನಲವತ್ತಣ್ಣ, ಕಾಫಿ ಆಯ್ತಾ?" ಆಟೊ ಸ್ಟ್ಯಾಂಡಿನಲ್ಲಿ ಶುರುವಾದದ್ದು ಹಾಲಿನ ಬೂತಿಗೆ, ಹಾಲಿನ ಬೂತಿನಿಂದ ದೇವಸ್ಥಾನದ ಕಮಿಟಿಗೆ ತಲುಪಿತು. ಗಂಗಬೈಲಪ್ಪನಿಗೆ ಇದು ತಿಳಿದಾಗ, ಹೇಳಬಾರದು, ಒಂದು ಬಗೆಯ ಸಂತೋಷವೇ ಆಗಿತ್ತು. ಅವನು ಕಂಡುಹಿಡಿದ ಸಂಖ್ಯೆಯೊಂದು ಊರಲ್ಲಿ ಕಾಲೂರಿ ನಡೆದಾಡುತ್ತಿತ್ತು.

ಆ ಸಂತೋಷದ ಕೆಳಗೆ ಇನ್ನೊಂದಿತ್ತು, ಪಂಚೆಯ ಗಂಟಿನೊಳಗೆ ಸಿಕ್ಕಿದ ಇರುವೆಯ ಹಾಗೆ. ಅವತ್ತು ಮುದ್ದೆ ಮುರಿಯುತ್ತಿದ್ದಾಗ ಊಟದ ಹಾಲಿನವರ ಮೂರನೇ ಒಂದು ಭಾಗವನ್ನು ಅವನು ಸೇರಿಸಿರಲಿಲ್ಲ. ಮರೆತದ್ದಲ್ಲ. ನಾಲಗೆಯ ಮೇಲೆ ಏಳುನೂರ ನಲವತ್ತು ಆಗಲೇ ಬಂದು ಕೂತಿತ್ತು, ಹೊಂದಿಕೊಂಡಿತ್ತು, ಸಾವಿರದ ಹತ್ತಿರದ್ದೇನನ್ನಾದರೂ ಹೇಳಿದ್ದರೆ ಬೀಗರು ನಗುತ್ತಿರಲಿಲ್ಲ. ಸಾವಿರ ಎಂಬುದು ಸಾಕಷ್ಟು ಮರ್ಯಾದಸ್ಥ ಸಂಖ್ಯೆ.

ಈಗ ಪಕ್ಕಕ್ಕೆ ಬಂದವರು ತನ್ನ ಬೀಗರು. ರಾಜರಾಜೇಶ್ವರಿನಗರದ ಅಪಾರ್ಟ್‌ಮೆಂಟಿನಲ್ಲಿರುವ, ಯಾವುದೋ ಇಲಾಖೆಯಿಂದ ನಿವೃತ್ತರಾದ, ಮೃದುವಾಗಿ ಮಾತಾಡುವ ಮನುಷ್ಯ. ಮೃದುವಾಗಿ ಮಾತಾಡುವವರ ಬಗ್ಗೆ ಗಂಗಬೈಲಪ್ಪನಿಗೆ ಮೊದಲಿಂದಲೂ ಭಯ; ಅವರ ಮಾತು ಚರ್ಮದ ಒಳಗೆ ಹೋದ ಮೇಲೆಯೇ ತಾಗಿದ್ದು ತಿಳಿಯುತ್ತದೆ.

"ನಿಮ್ ಹಾಲ್‌ದು ಪಾರ್ಕಿಂಗ್ ಬಹಳ ಚೆನ್ನಾಗಿದೆ," ಅಂದರು ಬೀಗರು. "ಎಲ್ಲಿ ಬೇಕಾದ್ರೂ ನಿಲ್ಲಿಸ್ಬೋದು. ಇಷ್ಟು ಜಾಗ ನಾನು ಯಾವ ಮದುವೇಲೂ ನೋಡಿಲ್ಲ."

"ಇನ್ನೂ ಬರ್ತಾರೆ ಸಾರ್. ನಮ್ ಕಡೆಯವರು ಸ್ವಲ್ಪ ಲೇಟು."

"ಬರ್ಲಿ ಬರ್ಲಿ, ಅವಸರ ಏನಿದೆ. ನಿಶ್ಚಿತಾರ್ಥದಲ್ಲಿ ಹೇಳಿದ್ರಲ್ಲ, ನಿಮ್ ಕಡೆಯಿಂದಲೇ ಎರಡು ಸಾವಿರ ಅಂತ. ನಾವು ಇನ್ನೂರಕ್ಕೇ ನಿಲ್ಲಿಸಿದ್ವಿ, ನಿಮಗೆ ಜಾಗ ಸಾಲಲ್ವೇನೋ ಅಂತ." ಆಮೇಲೆ ಮಗುವಿಗೆ ಪದ್ಯ ಹೇಳು ಅನ್ನುವ ದನಿಯಲ್ಲಿ, "ಅವತ್ತು ಏನೋ ಹೇಳಿದ್ರಿ, ಟವರು, ಲೋಟ... ಬಹಳ ಇಂಟರೆಸ್ಟಿಂಗ್ ಆಗಿತ್ತು. ಈಗ ಎಷ್ಟು ತೋರಿಸ್ತಿದೆ ನಿಮ್ ಟವರು?"

ನಿಶ್ಚಿತಾರ್ಥದ ದಿನವೂ ಹೇಳಿದ್ದ. ಕೇಸರಿಬಾತಿನ ತಟ್ಟೆ ಹಿಡಿದು, ಯಾರೂ ಕೇಳದಿದ್ದರೂ, ದೊಡ್ಡ ದೊಡ್ಡವರ ಮದುವೆಗಳನ್ನು ಸಣ್ಣ ಸಣ್ಣ ಸಂಖ್ಯೆಗಳಿಗೆ ಇಳಿಸಿ ತೋರಿಸಿದ್ದ. ಬೀಗರು ಆಗ ತಲೆದೂಗಿದ್ದರು. ತಲೆದೂಗುವವರು ನೆನಪಿಟ್ಟುಕೊಳ್ಳುತ್ತಾರೆ ಎಂಬುದು ಯಾವ ಲೆಕ್ಕದಲ್ಲೂ ಬಂದಿರಲಿಲ್ಲ.

"ನೋಡ್ಕೊಂಡ್ ಬರ್ತೀನಿ ಸಾರ್," ಅಂದ ಗಂಗಬೈಲಪ್ಪ, ಮತ್ತು ಮಗಳ ಆರತಕ್ಷತೆಯ ವೇದಿಕೆಯಿಂದ ಇಳಿದ.

ತಾರಸಿಯ ಮೇಲೆ ಹಗಲಿನ ಬಿಸಿಲು ಇನ್ನೂ ಸಿಮೆಂಟಿನಲ್ಲಿ ಕೂತಿತ್ತು. ಎದುರು ಮಾಗಡಿ ರಸ್ತೆಯ ದೀಪಗಳು, ಹಾರ್ನುಗಳು, ಯಾವುದೋ ಬೇರೆ ಮಂಟಪದ ವಾದ್ಯ. ಆಪರೇಟರ್ ಸಂಪತ್ ಕುರ್ಚಿಯ ಮೇಲೆ ಕೂತಿದ್ದವನು ಯಜಮಾನನ ಪೇಟವನ್ನು ನೋಡಿ ಎದ್ದ. ಪ್ರತಿ ಮದುವೆಗೂ ಇವನು ಮೀಟರುಗಳನ್ನು ನೋಡಿ ವಾಕಿಟಾಕಿಯಲ್ಲಿ ಸಂಖ್ಯೆ ಕೂಗುತ್ತಿದ್ದ. ಕೆಳಗೆ ಸೆಕ್ಯೂರಿಟಿಯವರು, ನೆಲ ಒರೆಸುವವರು, ಲಿಫ್ಟಿನವನು ಮೊದಲೇ ಊಹೆ ಕಟ್ಟಿರುತ್ತಿದ್ದರು, ಸೋತವನು ಟೀ ಕೊಡಿಸಬೇಕು. ಗಂಗಬೈಲಪ್ಪನೇ ಹಾಕಿಕೊಟ್ಟ ಸಂಪ್ರದಾಯ. ಈ ಸಂಜೆ ವಾಕಿಟಾಕಿ ಮೌನವಾಗಿತ್ತು. ಆ ಮೌನ ಅವರೆಲ್ಲ ಸೇರಿ ಕೊಟ್ಟ ಉಡುಗೊರೆ ಎಂದು ಅವನಿಗೆ ಹೊಳೆಯಿತು, ಮತ್ತು ಅದಕ್ಕಿಂತ ಒಂದು ಸ್ಟೀಲ್ ಕ್ಯಾರಿಯರ್ ಕೊಟ್ಟಿದ್ದರೆ ತಡೆದುಕೊಳ್ಳಬಹುದಿತ್ತು ಅನ್ನಿಸಿತು.

"ಎಷ್ಟಿದೆ?"

"ಏನ್ ಸಾರ್?"

"ನಾಟಕ ಆಡ್ಬೇಡ. ಎಷ್ಟು?"

"ಇನ್ನೂ ಟೈಮಿದೆ ಸಾರ್. ಇವತ್ತು ಮುಹೂರ್ತ ಜಾಸ್ತಿ, ಎಲ್ರಿಗೂ ಮೂರ್ ಮೂರ್ ಮದುವೆ..."

"ಸಂಪತ್."

"ಮುನ್ನೂರ ಹತ್ತು ಸಾರ್." ಸಂಪತ್ ನೆಲ ನೋಡಿದ. "ಮೂರನೇ ಒಂದು ಸೇರ್ಸೇ ಹೇಳ್ತಿದೀನಿ."

ಟವರಿನ ಫ್ಯಾನು ಒಂದೊಂದು ರೆಕ್ಕೆಯೂ ಕಾಣುವಷ್ಟು ನಿಧಾನವಾಗಿ ತಿರುಗುತ್ತಿತ್ತು. ಒಳಗೆ ನೀರು ಸುರಿಯುವ ಸದ್ದು, ಸಣ್ಣ ಮಳೆ, ಯಾರಿಗೂ ಬೇಕಿಲ್ಲದ ಮಳೆ. ಗಂಗಬೈಲಪ್ಪ ಅದರ ತಗಡಿನ ಪಕ್ಕೆಯ ಮೇಲೆ ಕೈಯಿಟ್ಟ. ಎಮ್ಮೆಯನ್ನು ನೇವರಿಸುವ ಹಾಗೆ ಎಷ್ಟೋ ಸಲ ನೇವರಿಸಿದ್ದ ಪಕ್ಕೆ. ತಣ್ಣಗಿತ್ತು. ಇದಕ್ಕೆ ಕೃತಜ್ಞತೆಯೇ ಇಲ್ಲವೇ ಅನ್ನುವ ಮೂರ್ಖ ಯೋಚನೆ ಬಂತು, ಅದು ಮೂರ್ಖ ಎಂದು ಗೊತ್ತಾದರೂ ಹೋಗಲಿಲ್ಲ. ಚೈತ್ರಳ ಮದುವೆಗೆ ಮೊರೆದಿತ್ತು. ಮುಖ ಕಂಡರಾಗದ ಕಂಟ್ರಾಕ್ಟರುಗಳ ಮಕ್ಕಳ ಮದುವೆಗೆ, ಷಷ್ಟಿಪೂರ್ತಿಗೆ, ಒಮ್ಮೆ ಚಿಟ್‌ಫಂಡಿನವರ ಸಮಾವೇಶಕ್ಕೂ ಮೊರೆದಿತ್ತು. ಅವನು ಕಂಟ್ರೋಲ್ ಪೆಟ್ಟಿಗೆಯ ಬಾಗಿಲು ತೆಗೆದು ಹಾಲಿನ ತಾಪವನ್ನು ಇಪ್ಪತ್ನಾಲ್ಕರಿಂದ ಹದಿನೆಂಟಕ್ಕೆ ಇಳಿಸಿದ. ಅದು ಸಾಲದೆಂದು ಹೊರಗಾಳಿಯ ಕಿಂಡಿಗಳನ್ನೆಲ್ಲ ಪೂರ್ತಿ ತೆರೆದ. ಏಪ್ರಿಲ್ಲಿನ ಬಿಸಿಗಾಳಿ ಒಳಗೆ ನುಗ್ಗಿದರೆ ಯಂತ್ರ ಅದನ್ನೂ ತಣ್ಣಗೆ ಮಾಡಬೇಕು; ಬಿಸಿಗೆ ಅದು ನೆಂಟರದ್ದೋ ರಸ್ತೆಯದ್ದೋ ಎಂಬ ಭೇದವಿಲ್ಲ.

"ಸಾರ್, ಹಿಂಗ್ ಮಾಡಿದ್ರೆ ನೀರು ಸಾಲಲ್ಲ ಸಾರ್. ಟವರ್ ಟ್ಯಾಂಕಲ್ಲಿ ಆರ್ನೂರ್ ಜನಕ್ಕಾಗೋಷ್ಟೇ ನೀರಿರೋದು."

"ಆರುನೂರಾ? ಯಾವನ್ ಹೇಳ್ದ ಆರುನೂರು ಅಂತ?"

"ನೀವೇ ಸಾರ್. ಮೊನ್ನೆ ಫೋನಲ್ಲಿ. ಒಂದೇ ಟ್ಯಾಂಕರ್ ಹಾಕ್ಸು, ಎಷ್ಟು ಬಂದ್ರೂ ಆರ್ನೂರ್ ದಾಟಲ್ಲ ಅಂದ್ರಲ್ಲ."

ಹೇಳಿದ್ದ. ಅಡುಗೆಯವರಿಗೆ ಎರಡು ಸಾವಿರ ಎಲೆ ಅಂದ ಬಾಯಿಯೇ ಅದೇ ಮಧ್ಯಾಹ್ನ ಸಂಪತ್‌ಗೆ ಆರುನೂರು ಅಂದಿತ್ತು. ಹೇಳುವಾಗ ತಾನು ಏನು ಹೇಳುತ್ತಿದ್ದೇನೆಂದು ಅವನಿಗೆ ಕೇಳಿಸಿರಲೇ ಇಲ್ಲ. ಅನ್ನಕ್ಕೆ ಮರ್ಯಾದೆಯ ಲೆಕ್ಕ, ನೀರಿಗೆ ನಿಜದ ಲೆಕ್ಕ. ಹಾಗಾದರೆ ಮೊದಲೇ ಗೊತ್ತಿತ್ತು. ಪತ್ರಿಕೆ ಹಂಚುತ್ತ ಮನೆಮನೆಗೆ ಹೋದಾಗ ಜನ ಕುಂಕುಮ ತೆಗೆದುಕೊಂಡು, "ಬರ್ತೀವಿ ಬಿಡಿ, ಬರ್ದಿದ್ರೆ ನಿಮ್ ಟವರ್ ಹಿಡ್ಕೊಳ್ಳುತ್ತಲ್ಲ" ಎಂದು ನಗುತ್ತಿದ್ದಾಗಲೇ ಗೊತ್ತಿತ್ತು. ಹೆಗ್ಗನಹಳ್ಳಿಯಲ್ಲಿ ಚಿಕ್ಕಣ್ಣ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, "ಬರ್ತೀವಿ ಭಾವ. ನಿಮ್ ಟವರಿಗೂ ಗೊತ್ತಾಗೋ ಹಂಗೆ ಬರ್ತೀವಿ" ಅಂದಿದ್ದ. ಬರುವುದಿಲ್ಲ ಎನ್ನುವುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಸಾಧ್ಯವೇ ಎಂದು ವಾಪಸು ಬರುವಾಗ ಸ್ಕೂಟರಿನ ಮೇಲೆ ಯೋಚಿಸಿದ್ದ.

"ನಡೆಯೋವರೆಗೂ ನಡೀಲಿ," ಅಂದ. "ಇನ್ನೊಂದ್ ಟ್ಯಾಂಕರ್‌ಗೆ ಫೋನ್ ಹಾಕು."

ಫ್ಯಾನಿನ ರೆಕ್ಕೆಗಳು ಒಂದರೊಳಗೊಂದು ಕರಗಿ ಬೂದುಬಣ್ಣದ ತಟ್ಟೆಯಾದವು. ಮೊರೆತ ಮೊದಲು ಕಾಲಿಗೆ ತಿಳಿದು ಆಮೇಲೆ ಕಿವಿಗೆ ಬಂತು. ಗಂಗಬೈಲಪ್ಪ ಕಣ್ಣು ಮುಚ್ಚಿದ. ಒಂದು ಕ್ಷಣ, ನಾಚಿಕೆಯಾದರೂ ಹೇಳಬೇಕು, ಅವನಿಗೆ ಜನ ಬಂದಂತೆಯೇ ಆಯಿತು.

ಕೆಳಗೆ ಬಂದು ಬೀಗರಿಗೆ ಸಾವಿರದ ಇನ್ನೂರು ದಾಟಿದೆ ಅಂದ. "ಓಹೋ," ಅಂದರು ಅವರು, ಮತ್ತು ಕುರ್ಚಿಗಳ ಕಡೆ ನೋಡಿದರು, ಯಾರನ್ನೋ ಗುಂಪಿನಲ್ಲಿ ಹುಡುಕುವವರ ಹಾಗೆ. "ಊಟದ ಹಾಲಲ್ಲಿದಾರೆ," ಅಂದ ಗಂಗಬೈಲಪ್ಪ. "ಸರಿ ಸರಿ. ಕಾಣ್ದೇ ಇರೋರನ್ನೂ ಹಿಡಿಯುತ್ತೆ ಅಂದ್ರಲ್ಲ ಅವತ್ತು." ಗೋಡೆಯ ಹಿಂದೆ ಟವರು ಮೊರೆಯುತ್ತಿತ್ತು, ಹಾಡುಗಾರನ ಶ್ರುತಿಗೆ ಅಡ್ಡ ಬರುವಷ್ಟು. ಸೆಕ್ಯೂರಿಟಿಯವನು ಬಾಗಿಲಿನಿಂದ ತಲೆ ಹಾಕಿ, ಮೇಲೆ ನೋಡಿ, ಕುರ್ಚಿಗಳನ್ನು ನೋಡಿ, ಏನನ್ನೂ ಅರ್ಥಮಾಡಿಕೊಳ್ಳದೆ ಹೋದ. ಚಳಿ ನಿಧಾನವಾಗಿ ಇಳಿಯಿತು. ಮೊದಲು ಹೆಂಗಸರು ಸೆರಗು ಹೊದ್ದರು. ಆಮೇಲೆ ಮಕ್ಕಳು ಅಪ್ಪಂದಿರ ಕೋಟಿನೊಳಗೆ ಹೋದರು. ಗಂಡಿನ ಅಜ್ಜಿ ಮುಂದಿನ ಸಾಲಿನಿಂದ, ಹಾಡಿನ ನಡುವೆಯೇ, "ಇದೇನ್ ಮದುವೆನೋ ಐಸ್ ಫ್ಯಾಕ್ಟ್ರಿನೋ, ನನ್ ಮೊಣಕಾಲ್ ಹೋಯ್ತಲ್ಲಪ್ಪೋ" ಅಂದರು. ಗಣ್ಯರಿಗೆ ಹೊದಿಸಲೆಂದು ತಂದಿಟ್ಟ ಶಾಲುಗಳನ್ನು ತೆಗೆದು ಹಂಚಬೇಕಾಯಿತು. ಗಣ್ಯರು ಬಂದಿರಲಿಲ್ಲವಾದ್ದರಿಂದ ಶಾಲುಗಳಿಗೆ ಕೊರತೆಯಾಗಲಿಲ್ಲ. ಹೊದ್ದುಕೊಂಡು ಕೂತ ಆ ಮುಂದಿನ ಸಾಲುಗಳು ಯಾವುದೋ ಸಾಹಿತ್ಯ ಸಮ್ಮೇಳನದ ಸನ್ಮಾನಿತರಂತೆ ಕಂಡವು. ಉಳಿದವರು ಒಬ್ಬೊಬ್ಬರಾಗಿ ಬೆಚ್ಚಗಿರುವ ಊಟದ ಹಾಲಿಗೆ ಜಾರಿದರು, ಉಂಡರು, ಉಂಡವರು ಚಳಿಗೆ ಯಾಕೆ ವಾಪಸು ಬರುತ್ತಾರೆ, ಹಾಗೇ ಮನೆಗೆ ಹೋದರು. ಕುರ್ಚಿಗಳು ಖಾಲಿಯಾಗುತ್ತ ಹೋದವು, ಟವರು ಏರುತ್ತ ಹೋಯಿತು. ಈಗ ತಲೆ ತಾನಾಗಿ ಕಳೆದ ಲೆಕ್ಕದ ಪ್ರಕಾರ ಹಾಲಿನಲ್ಲಿ ಸಾವಿರದ ಎಂಟುನೂರು ಜನರಿದ್ದರು. "ಅಪ್ಪಾ," ಅಂದಳು ಕೀರ್ತನಾ, "ಚಳಿ. ಕಮ್ಮಿ ಮಾಡ್ಸಿ." ಅವಳ ತೋಳಿನ ಮೇಲೆ ರೋಮ ಎದ್ದು ನಿಂತಿತ್ತು, ಮದರಂಗಿಯ ಬಳ್ಳಿಯ ನಡುವೆ ಸಣ್ಣ ಸಣ್ಣ ಗುಳ್ಳೆಗಳು. ಚಿಕ್ಕವಳಿದ್ದಾಗ ಜ್ವರ ಬಂದರೆ ಅವನೇ ಒದ್ದೆ ಬಟ್ಟೆ ಹಣೆಗಿಟ್ಟು, ನೀರು ಆವಿಯಾಗುತ್ತ ಬಿಸಿಯನ್ನು ಹೇಗೆ ಹೊತ್ತೊಯ್ಯುತ್ತದೆಂದು ಕತೆಯ ಹಾಗೆ ಹೇಳುತ್ತಿದ್ದ. ನೀರಿಗೆ ನನ್ ಮೇಲೆ ಯಾಕೆ ಪ್ರೀತಿ ಎಂದು ಅವಳು ಕೇಳುತ್ತಿದ್ದಳು. "ಸ್ವಲ್ಪ ತಡ್ಕೊ ಕಣಮ್ಮ," ಅಂದ. "ಜನ ಬಂದ್ರೆ ಸರಿಹೋಗುತ್ತೆ."

ಜನ ಬಂದರು. ಮೊದಲು ಹೊರಗೆ, ನಡೆದು ಬರುವ ಆ ದಾರಿಗೂ ಗೊತ್ತುಮಾಡಿದ ಬಸ್ಸುಗಳು ಹಿಂದಕ್ಕೆ ಸರಿಯುವ, ಯಾರೋ "ಬರ್ಲಿ ಬರ್ಲಿ ರೈಟ್" ಅನ್ನುವ ಸದ್ದು. ಆಮೇಲೆ ಬಾಗಿಲಿನಲ್ಲಿ ಪನ್ನೀರಿನ ಹುಡುಗಿಯರು ಎರಡು ಹೆಜ್ಜೆ ಹಿಂದೆ ಸರಿದರು. ಚಿಕ್ಕಣ್ಣ ಮುಂದೆ, ಬಿಳಿ ಪಂಚೆ, ಬಿಳಿ ಅಂಗಿ. ಅವನ ಹಿಂದೆ ಹೆಗ್ಗನಹಳ್ಳಿ. ಗಾರ್ಮೆಂಟ್ಸಿನಿಂದ ನೇರವಾಗಿ ಬಂದ ಹೆಂಗಸರು, ಆಟೊ ಸ್ಟ್ಯಾಂಡಿನವರು ಖಾಕಿಯ ಮೇಲೆ ಬಣ್ಣದ ಅಂಗಿ ಹಾಕಿಕೊಂಡು, ಗಣೇಶನ ಪೆಂಡಾಲಿನವರು, ದೇವಸ್ಥಾನದ ಕಮಿಟಿಯವರು, ಜಿಮ್ಮಿನ ಹುಡುಗರು, ನಾಲ್ಕು ಬಿಲ್ಡಿಂಗುಗಳ ಬಾಡಿಗೆದಾರರು ಸಂಸಾರಸಮೇತ. ಈ ಕೊನೆಯವರು ಬರದಿದ್ದರೆ ಏನಾದೀತೋ ಎಂಬ ಸಣ್ಣ ಅನುಮಾನದಲ್ಲಿ ಬಂದವರು, ಆದ್ದರಿಂದ ಎಲ್ಲರಿಗಿಂತ ಚೆನ್ನಾಗಿ ಬಟ್ಟೆ ಹಾಕಿಕೊಂಡಿದ್ದರು. ಕುರ್ಚಿಗಳು ತುಂಬಿದವು. ನಡುದಾರಿ ತುಂಬಿತು. ಗೋಡೆಗಳಿಗೆ ಜನ ಒರಗಿದರು, ಮಕ್ಕಳು ಸ್ಪೀಕರಿನ ಮೇಲೆ ಹತ್ತಿದರು. ವೆಂಕಟಲಕ್ಷ್ಮಮ್ಮ ವೇದಿಕೆಯಿಂದ ಓಡಿಹೋಗಿ ತಮ್ಮನ ತೋಳು ಹಿಡಿದು, ಎಲ್ಲರೆದುರಿಗೆ, ಯಾವ ಕ್ಯಾಮೆರಾಕ್ಕೂ ನಗದೆ ಅತ್ತಳು. ಚಿಕ್ಕಣ್ಣ ಅವಳ ಬೆನ್ನು ತಟ್ಟುತ್ತಲೇ ಅವಳ ತಲೆಯ ಮೇಲಿಂದ ಭಾವನನ್ನು ನೋಡಿದ.

"ಎಣ್ಸ್ಕೊಳ್ಳಿ ಭಾವ," ಅಂದ. ಕೂಗಲಿಲ್ಲ, ಆದರೂ ಹಾಲಿಗೆಲ್ಲ ಕೇಳಿಸಿತು. ಇಂಥ ಮಾತು ಕೂಗಿ ಹೇಳುವಂಥದಲ್ಲ. "ಒಬ್ರೂ ಬಿಡ್ದಂಗೆ. ನಿಮ್ ಟವರಿಗೆ ಹೇಳಿ."

ಆಗ ಗೋಡೆಯ ಹಿಂದಿನ ಮೊರೆತ ನಿಂತಿತು. ತಗ್ಗಲಿಲ್ಲ, ನಿಂತಿತು. ಗಂಗಬೈಲಪ್ಪನ ಅಂಗಿಯ ಜೇಬಿನಲ್ಲಿ ಫೋನು ನಡುಗಿತು. "ಸಾರ್, ಟವರ್ ಡ್ರೈ ಆಯ್ತು. ಚಿಲ್ಲರ್ ಟ್ರಿಪ್ಪಾಗಿ ನಿಂತೋಯ್ತು. ಟ್ಯಾಂಕರು ನಮ್ ಗೇಟಿನಾಚೆನೇ ಸಿಕ್ಕಾಕೊಂಡಿದೆ, ಮುಂದೆ ಬಸ್ಸುಗಳು ಅಡ್ಡ ನಿಂತಿವೆ ಸಾರ್." ಅಡುಗೆಮನೆಯ ಟ್ಯಾಂಕಿನಿಂದ ಎಳೆಯಲೇ ಎಂದು ಸಂಪತ್ ಕೇಳಿದ, ಕೇಳಿ, ತಾನೇ ಉತ್ತರಿಸಿದ, "ಭಟ್ರು ಬೈತಿದಾರೆ ಸಾರ್, ಅನ್ನಕ್ಕಾಕೋ ನೀರು ಆಕಾಶಕ್ಕಾಕ್ತೀಯೇನೋ ಅಂತ." ಹೊರಗಾಳಿಯ ಕಿಂಡಿಗಳು ಪೂರ್ತಿ ತೆರೆದೇ ಇದ್ದವು. ಏಪ್ರಿಲ್ ಯಾವ ತಡೆಯೂ ಇಲ್ಲದೆ ಒಳಗೆ ಬಂತು, ಹೆಗ್ಗನಹಳ್ಳಿಯ ಮೈಬಿಸಿಯ ಜೊತೆ ಸೇರಿತು. ಗಣ್ಯರ ಶಾಲುಗಳು ಮೊದಲು ಬಿದ್ದವು. ಲಗ್ನಪತ್ರಿಕೆಗಳು ಬೀಸಣಿಗೆಗಳಾದವು. ಮುಖಗಳ ಮೇಲಿನ ಪೌಡರು ಗೆರೆಗೆರೆಯಾಗಿ ಇಳಿಯಿತು, ಕೀರ್ತನಾಳ ತೋಳಿನ ಗುಳ್ಳೆಗಳು ಅಡಗಿ ಬೆವರಿನ ಹನಿ ಮೂಡಿದವು, ಬೀಗರು ಕೋಟು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹಾಲು ತುಂಬಿತ್ತು. ಇಷ್ಟು ವರ್ಷದಲ್ಲಿ ಯಾವ ಮದುವೆಗೂ ಹೀಗೆ ತುಂಬಿದ್ದನ್ನು ಗಂಗಬೈಲಪ್ಪ ನೋಡಿರಲಿಲ್ಲ. ಎರಡು ಸಾವಿರ ಎಂಬ ಸಂಖ್ಯೆ ಹೀಗೆ ಕಾಣುತ್ತದೆ ಎಂದು, ಅದಕ್ಕೊಂದು ವಾಸನೆಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಚಿಕ್ಕಣ್ಣ ಅವನ ಜೊತೆ ತಾರಸಿಗೆ ಬಂದ. ಮೆಟ್ಟಿಲು ಹತ್ತುವಾಗ ಸಂತೋಷದಲ್ಲಿದ್ದ; ಇದಕ್ಕೆ ಮುಂಚೆ ಯಾವತ್ತೂ ಟವರನ್ನು ನೋಡಿರಲಿಲ್ಲ, ದೇವರ ದರ್ಶನಕ್ಕೆ ಹೋಗುವವರ ಹಾಗೆ ಮೇಲಿನ ಬಾಗಿಲಲ್ಲಿ ಚಪ್ಪಲಿಯನ್ನೂ ಬಿಟ್ಟ. ಸಂಪತ್ ಅವರನ್ನು ಕಂಡು ಪಂಪಿನ ಹಿಂದಕ್ಕೆ ಸರಿದ. ಫ್ಯಾನು ನಿಂತಿತ್ತು. ಜೇನುಗೂಡಿನ ಹಾಳೆಗಳು ಒಣಗುತ್ತ ಅಂಚಿನಲ್ಲಿ ಬಿಳಿ ಉಪ್ಪು ತೋರಿಸುತ್ತಿದ್ದವು. ಎಲ್ಲೋ ಒಳಗೆ ಒಂದು ಹನಿ ಬಿತ್ತು, ಸ್ವಲ್ಪ ಬಿಟ್ಟು ಇನ್ನೊಂದು.

"ಇದೇನಾ?"

"ಇದೇ."

"ಎಷ್ಟ್ ಹೇಳ್ತಿದೆ?"

"ನಿಂತೋಗಿದೆ ಚಿಕ್ಕಣ್ಣ. ನೀರಿಲ್ಲ."

ಚಿಕ್ಕಣ್ಣ ಬಗ್ಗಿ ನಿಂತ ಫ್ಯಾನನ್ನು ನೋಡಿದ. "ನಾವ್ ಬಂದಿದ್ದು?"

"ನೀವ್ ಬಂದ್ ಮೇಲೆ ನಿಂತೋಯ್ತು. ಅದು ಓಡ್ತಿದ್ರೆ ತಾನೆ ಲೆಕ್ಕ." ಗಂಗಬೈಲಪ್ಪ ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡ. "ಎರಡು ಸಾವಿರ ಇರ್ಬೋದು. ನಾನೇ ಹೇಳ್ತಿದೀನಲ್ಲ. ಜಾಸ್ತಿನೇ ಇರ್ಬೋದು."

"ಇರ್ಬೋದು ಅಂತ ನಾನೂ ಹೇಳ್ತೀನಿ. ಆಟೊ ಸ್ಟ್ಯಾಂಡಲ್ಲಿ ಯಾವನ್ ನಂಬ್ತಾನೆ? ಅವತ್ತು ನೀವ್ ಹೇಳಿದ್ದಲ್ಲ ಭಾವ, ಟವರ್ ಹೇಳಿದ್ದು. ಇವತ್ತೂ ಅದೇ ಹೇಳ್ಬೇಕು." ಅವನ ದನಿಯಲ್ಲಿ ಕೋಪವಿರಲಿಲ್ಲ, ಕಚೇರಿಯ ಕಿಟಕಿ ಮುಚ್ಚಿದ ಮೇಲೆ ಬಂದವನ ಬೇಡಿಕೆಯಿತ್ತು. "ಬಾಡಿಗೆಯವರ ಕೈಕಾಲು ಹಿಡ್ದು ಕರ್ಕೊಂಡ್ ಬಂದೆ. ಒಂದ್ ಸಲ ಸ್ಟಾರ್ಟ್ ಮಾಡಕ್ಕಾಗಲ್ವಾ?"

ಮೂರನೇ ಒಂದು ಭಾಗ, ಅಂತ ಗಂಗಬೈಲಪ್ಪನ ಬಾಯಿಗೆ ಬಂತು. ಅವತ್ತು ಊಟದ ಹಾಲಿನವರನ್ನು ಸೇರಿಸಲಿಲ್ಲ, ಏಳುನೂರ ನಲವತ್ತು ತಪ್ಪು ಲೆಕ್ಕ, ನಿನ್ನ ಮಗಳ ಮದುವೆಗೆ ಸಾವಿರದ ಹತ್ತಿರ ಜನ ಬಂದಿದ್ದರು. ನಾಲ್ಕು ಮಾತು. ಸಂಪತ್ ಪಂಪಿನ ಹಿಂದೆ ನಿಂತಿದ್ದ. ಹೇಳಿದ್ದರೆ ಅವನಿಗೆ ಕೇಳಿಸುತ್ತಿತ್ತು, ನಾಳೆ ವಾಕಿಟಾಕಿಯಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು, ಗಂಟೆಗೊಂದು ಲೋಟವನ್ನು ಆಮೇಲೆ ಯಾರೂ ನಂಬುತ್ತಿರಲಿಲ್ಲ. ಗಂಗಬೈಲಪ್ಪ ತಗಡಿನ ಪಕ್ಕೆಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು.

"ಟ್ಯಾಂಕರ್ ಬರ್ಲಿ, ನೋಡೋಣ," ಅಂದ.

ಟ್ಯಾಂಕರು ಬಸ್ಸುಗಳು ಹೊರಟ ಮೇಲೆ ಬಂತು. ಮಾರನೆಯ ಬೆಳಗ್ಗೆ ಚಿಕ್ಕಣ್ಣ ಕೀರ್ತನಾಳನ್ನು ಮಂಟಪಕ್ಕೆ ಕರೆತಂದ. ಹೆಗ್ಗನಹಳ್ಳಿಯಲ್ಲಿ ಅವನ ಹೆಸರು ಈಗಲೂ ಏಳುನೂರ ನಲವತ್ತು.